ಉಜ್ಜುವುದು ಅಪರೂಪಕ್ಕೆ, ಹಚ್ಚುವುದು ತೆಳ್ಳಗೆ



ಕಾರಿನ ಬಣ್ಣಕ್ಕೆ ಮಷೀನಿನಿಂದ ಪಾಲಿಶ್ ಮಾಡುವುದು ಹೇಗೆ, ಆಮೇಲೆ ಸೀಲೆಂಟ್ ಹಚ್ಚುವುದು ಹೇಗೆ, ಎರಡನ್ನೂ ಬಣ್ಣಕ್ಕೆ ಧಕ್ಕೆ ಆಗದಂತೆ ಕಡಿಮೆ ಹೊತ್ತಿನಲ್ಲಿ ಮುಗಿಸುವುದು ಹೇಗೆ? ಇದು ಇವತ್ತಿನ ಮಾತು. ಕಂಪನಿಗಳ ಹೆಸರು ಹೇಳಿ, ಇದನ್ನು ಕೊಳ್ಳಿ, ಅದನ್ನು ಬಿಡಿ ಎನ್ನುವುದು ಬಾನುಲಿಯಲ್ಲಿ ಸಲ್ಲದು. ಅದರಿಂದ ಕೇಳುಗರಿಗೆ ನಷ್ಟವೇನೂ ಇಲ್ಲ. ಬಾಟಲಿಯ ಮೇಲೆ ಯಾವ ಹೆಸರಿದ್ದರೂ ಕೆಲಸ ಕೆಡುವುದು ಅಥವಾ ಕೂಡಿಬರುವುದು ಕೈಯ ವೇಗ, ಪ್ಯಾಡಿನ ಶುಚಿ ಮತ್ತು ಕೆಲಸದ ಕ್ರಮ, ಈ ಮೂರರಿಂದಲೇ.

ಪಾಲಿಶ್ ಮತ್ತು ಸೀಲೆಂಟ್ ಎರಡನ್ನೂ ಒಂದೇ ದಿನ, ಒಂದೇ ಮಷೀನಿನಲ್ಲಿ ಮಾಡುತ್ತೇವೆ. ಆದರೂ ಅವು ಒಂದಕ್ಕೊಂದು ಎದುರಾದ ಕೆಲಸಗಳು. ಪಾಲಿಶ್ ಬಣ್ಣದ ಮೈಯಿಂದ ಏನನ್ನೋ ತೆಗೆಯುತ್ತದೆ. ಅದರಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ವಸ್ತುವಿನ ಬಹು ನುಣುಪಾದ ಪುಡಿ. ಅದು ಮೇಲ್ಪದರವನ್ನು ಸವೆಸಿ ಸಮ ಮಾಡುತ್ತದೆ. ಸೀಲೆಂಟ್ ಏನನ್ನೂ ತೆಗೆಯುವುದಿಲ್ಲ. ಅದು ಪಾಲಿಮರಿನ ತೆಳು ಪೊರೆಯಾಗಿ ಕೂತು, ನೀರು, ಧೂಳು, ಹಕ್ಕಿಯ ಹಿಕ್ಕೆ ನೇರವಾಗಿ ಬಣ್ಣಕ್ಕೆ ಅಂಟದಂತೆ ಅಡ್ಡ ನಿಲ್ಲುತ್ತದೆ. ಬ್ರೆಜಿಲ್ಲಿನ ಕಾರ್ನೌಬಾ ತಾಳೆಯ ಎಲೆಯಿಂದ ಬರುವ ಮೇಣವೂ ಇದೇ ಕೆಲಸ ಮಾಡುತ್ತದೆ. ಆದರೆ ಸೀಲೆಂಟ್ ಮನುಷ್ಯ ತಯಾರಿಸಿದ್ದು, ಸಾಮಾನ್ಯವಾಗಿ ಮೇಣಕ್ಕಿಂತ ಹೆಚ್ಚು ತಿಂಗಳು ಬಾಳುತ್ತದೆ. ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು, ಹಚ್ಚುವ ಕೆಲಸಕ್ಕೆ ಹಗುರ ಕೈ ಬೇಕು. ಇವೆರಡನ್ನೂ ಒಂದೇ ರೀತಿಯಲ್ಲಿ ಮಾಡಲು ಹೋದಾಗಲೇ ಹೊತ್ತೂ ಹಾಳು, ಬಣ್ಣವೂ ಹಾಳು.

ಹಾಗಾದರೆ ತೆಗೆಯಲು ಅಲ್ಲಿ ಎಷ್ಟಿದೆ? ಕಾರ್ಖಾನೆಯಲ್ಲಿ ಕಾರಿನ ಉಕ್ಕಿನ ಮೈಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಮೊದಲ ಪದರವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಜೆರಾಕ್ಸ್ ಅಂಗಡಿಯಲ್ಲಿ ಬಳಸುವ ಒಂದು ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ನಾಲ್ಕು ಪದರ ಸೇರಿದ ನಿಮ್ಮ ಕಾರಿನ ಇಡೀ ಬಣ್ಣ ಹೆಚ್ಚುಕಡಿಮೆ ಒಂದು ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳು ಇರುವುದೂ ಅದರಲ್ಲೇ.

ನುಣುಪಾದ ಪಾಲಿಶಿನಿಂದ ಒಂದು ಸಲಕ್ಕೆ ಒಂದರಿಂದ ಮೂರು ಮೈಕ್ರಾನ್ ಸವೆಯಬಹುದು. ಕಾಂಪೌಂಡು ಎಂಬ ಒರಟು ಪಾಲಿಶ್, ಒರಟು ಪ್ಯಾಡು ಹಿಡಿದರೆ ಅದಕ್ಕಿಂತ ಹೆಚ್ಚು. ಈ ಕ್ಲಿಯರ್ ಕೋಟ್ ಕಾರಿನ ಜೊತೆಗೇ ಬಂದ ಇಡುಗಂಟು. ಅದರಿಂದ ತೆಗೆದು ಖರ್ಚು ಮಾಡಬಹುದೇ ಹೊರತು ಮತ್ತೆ ಜಮಾ ಮಾಡಲು ಬರುವುದಿಲ್ಲ. ವರ್ಷ ವರ್ಷವೂ ‘ರಬ್ಬಿಂಗ್’ ಮಾಡಿಸಿದ ಕಾರಿನ ಬಾನೆಟ್ಟಿನಲ್ಲಿ, ಟಾಪಿನಲ್ಲಿ ಬಿಳಿಚಿಕೊಂಡು ಚಕ್ಕೆ ಎದ್ದ ಜಾಗಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಗಂಟು ಕರಗಿಹೋಗಿದೆ. ಮತ್ತೆ ಪೇಂಟ್ ಹೊಡೆಸುವುದೊಂದೇ ಉಳಿದ ದಾರಿ. ಹಳೆಯ ಅಂಬಾಸಿಡರ್, ಪದ್ಮಿನಿಯಂಥ ಕಾರುಗಳ ಕಥೆ ಸ್ವಲ್ಪ ಬೇರೆ. ಅವುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇರುವುದಿಲ್ಲ. ಪಾಲಿಶ್ ಮಾಡುವಾಗ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿ ಬೀಳಬೇಡಿ, ಅದು ಒಂದೇ ಪದರದ ಬಣ್ಣ ಎಂದು ಅರ್ಥ. ಆದರೆ ಈಚಿನ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತೆಂದರೆ ಕ್ಲಿಯರ್ ಕೋಟ್ ಮುಗಿದಿದೆ. ಆ ಕ್ಷಣವೇ ಕೈ ನಿಲ್ಲಿಸಬೇಕು.

ಇಷ್ಟು ಅಮೂಲ್ಯವಾದ ಪದರವನ್ನು ಸವೆಸುವುದಾದರೂ ಯಾಕೆ? ಗೀರುಗಳಿಗಾಗಿ. ಕಪ್ಪು ಅಥವಾ ಕಡುನೀಲಿ ಕಾರೊಂದನ್ನು ಬಿಸಿಲಿನಲ್ಲಿ ನಿಲ್ಲಿಸಿ, ಬಾನೆಟ್ಟಿನಲ್ಲಿ ಸೂರ್ಯನ ಬಿಂಬ ನೋಡಿ. ಬಿಂಬದ ಸುತ್ತ ಸಣ್ಣ ಗೆರೆಗಳು ಬಳೆ ಬಳೆಯಾಗಿ ಸುತ್ತಿಕೊಂಡಂತೆ ಕಾಣುತ್ತವೆ. ಯಾರೋ ವೃತ್ತಾಕಾರವಾಗಿ ಉಜ್ಜಿದ್ದಾರೆ ಅನಿಸುತ್ತದೆ. ನಿಜದಲ್ಲಿ ಆ ಗೀರುಗಳು ಎಲ್ಲ ದಿಕ್ಕಿಗೂ ಓಡಿವೆ. ಬೆಳಕಿಗೆ ಅಡ್ಡವಾಗಿ ಬಿದ್ದ ಗೀರು ಮಾತ್ರ ಕಣ್ಣಿಗೆ ಮಿನುಗುವುದರಿಂದ ಬಿಂಬದ ಸುತ್ತ ಬಳೆ ಕಟ್ಟಿದ ಹಾಗೆ ತೋರುತ್ತದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಳೆಗಳೂ ನಿಮ್ಮ ಜೊತೆ ಸರಿಯುತ್ತವೆ.

ಈ ಗೀರುಗಳು ಬಹುಪಾಲು ರಸ್ತೆಯಲ್ಲಿ ಬೀಳುವುದಲ್ಲ, ಒರೆಸುವಾಗ ಬೀಳುವುದು. ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಸಾಲು ಸಾಲಾಗಿ ಕಾರುಗಳನ್ನು ಒರೆಸುತ್ತಾರೆ. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಮೇಲೆ ಉಜ್ಜುತ್ತದೆ. ಇದಕ್ಕೆ ಒರೆಸುವವರನ್ನು ದೂರಿ ಫಲವಿಲ್ಲ. ಅವರ ಕೈಗೆ ನಾವು ಕೊಟ್ಟಿರುವುದೇ ಒಂದು ಬಕೆಟ್ಟು ನೀರು ಮತ್ತು ಹಳೆಯ ಬನಿಯನ್ ಬಟ್ಟೆ. ಕಾರಣ ತಿಳಿದರೆ ಪಾಲಿಶಿನ ಅರ್ಧ ಕೆಲಸ ಉಳಿಯಿತು. ಒಣ ಧೂಳನ್ನು ಒಣ ಬಟ್ಟೆಯಿಂದ ಒರೆಸುವುದು ನಿಲ್ಲದಿದ್ದರೆ ಇವತ್ತು ತೆಗೆದ ಗೀರು ತಿಂಗಳೊಳಗೆ ಮರಳಿ ಬರುತ್ತದೆ.

ಈಗ ಮಷೀನಿನ ವಿಷಯ. ಪೇಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ರೋಟರಿ. ಅದರ ಪ್ಯಾಡು ಒಂದೇ ಅಚ್ಚಿನ ಮೇಲೆ ಗಿರಗಿರನೆ ತಿರುಗುತ್ತದೆ. ಕೆಲಸ ಬೇಗ, ಅಪಾಯವೂ ಬೇಗ. ಒಂದೇ ಜಾಗದಲ್ಲಿ ನಿಂತರೆ ಬಣ್ಣ ಕಾದು ಸುಡುತ್ತದೆ, ಪಳಗದ ಕೈಯಾದರೆ ಸುರುಳಿ ಸುರುಳಿಯಾದ ಮಬ್ಬು ಗುರುತು ಬಿಡುತ್ತದೆ. ಇನ್ನೊಂದು ಡ್ಯುಯಲ್ ಆಕ್ಷನ್, ಕಸುಬಿನವರ ಬಾಯಲ್ಲಿ ಡಿಎ. ಇದರ ಪ್ಯಾಡು ತನ್ನ ಸುತ್ತ ತಾನೂ ತಿರುಗುತ್ತದೆ, ಜೊತೆಗೆ ಪ್ಯಾಡಿನ ನಡುಬಿಂದುವೇ ಒಂದು ಸಣ್ಣ ವೃತ್ತದಲ್ಲಿ ಓಡುತ್ತದೆ. ಆ ವೃತ್ತದ ಅಡ್ಡಳತೆ 8 ಮಿಲಿಮೀಟರೋ 15 ಮಿಲಿಮೀಟರೋ ಇರುತ್ತದೆ. ಎರಡು ಚಲನೆ ಬೆರೆಯುವುದರಿಂದ ಶಾಖ ಒಂದೆಡೆ ಗುಡ್ಡೆಯಾಗುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಡಿಎ ಸಾಕು, ಅದೇ ಸರಿ. ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಉಣ್ಣೆಯ ಪ್ಯಾಡು ಸಿಕ್ಕಿಸಿ ಕಾರಿಗೆ ಹಿಡಿಯಬೇಡಿ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ಹನ್ನೊಂದು ಸಾವಿರದ ಆಸುಪಾಸು ಸುತ್ತು ತಿರುಗುತ್ತದೆ. ಬಣ್ಣ ಸುಡಲು ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಮಷೀನು ಚಾಲೂ ಮಾಡುವ ಮೊದಲು ಮಾಡಬೇಕಾದ್ದು ಬಹಳ ಇದೆ. ಉಳಿತಾಯವಾಗುವುದೂ ಇಲ್ಲೇ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಮೊದಲು ಬರೀ ನೀರು ಹೊಯ್ದು ಮರಳು, ಮಣ್ಣು ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬಾಗಿಲಿನ ಕೆಳಭಾಗ, ಬಂಪರು ಕೊನೆಗೆ. ಹೆಚ್ಚು ಮಣ್ಣು ಕೂತಿರುವುದು ಅಲ್ಲೇ. ತೊಳೆದ ಮೇಲೆ ಕೈಯನ್ನು ತೆಳು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಬಣ್ಣದ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ತರಿ ಆಗ ಬೆರಳಿಗೆ ಸಿಗುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಮರದ ಅಂಟು, ಪಕ್ಕದಲ್ಲಿ ಗೇಟಿಗೆ ಬಣ್ಣ ಹೊಡೆದಾಗ ಸಿಡಿದ ಹನಿ, ಎಲ್ಲ ಅದರಲ್ಲಿರುತ್ತವೆ. ಇದನ್ನು ತೆಗೆಯಲು ಕ್ಲೇ ಎಂಬ ಮೆತ್ತನೆಯ ಉಂಡೆ ಸಿಗುತ್ತದೆ. ಬಣ್ಣವನ್ನು ಸೋಪಿನ ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಒತ್ತದೆ ಜಾರಿಸಿ. ಉಂಡೆ ನೆಲಕ್ಕೆ ಬಿತ್ತೋ, ತೊಳೆದು ಮತ್ತೆ ಬಳಸುವ ಆಸೆ ಬೇಡ, ಎಸೆದುಬಿಡಿ.

ಕಾರು ಒಣಗಿದ ಮೇಲೆ ಮಾಸ್ಕಿಂಗ್ ಟೇಪ್. ಕಪ್ಪು ಪ್ಲಾಸ್ಟಿಕ್ ಅಂಚು, ರಬ್ಬರ್ ಬೀಡಿಂಗು, ಬಾಗಿಲ ಹಿಡಿಕೆಯ ಸುತ್ತ, ನಂಬರ್ ಪ್ಲೇಟಿನ ಬದಿ, ಎಲ್ಲೆಲ್ಲಿ ಪಾಲಿಶ್ ಸಿಡಿದರೆ ಬಿಳಿ ಕಲೆ ಕೂರುತ್ತದೋ ಅಲ್ಲಿ ಅಂಟಿಸಿ. ಮಡಿಕೆ, ಏಣು, ಮೂಲೆಗಳಿಗೂ ಅಂಟಿಸಿ. ಏಣಿನ ಮೇಲೆ ಬಣ್ಣ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಟೇಪಿಗೆ ಹಿಡಿಯುವ ಹೊತ್ತು ಇಪ್ಪತ್ತು ನಿಮಿಷ. ಟೇಪಿಲ್ಲದೆ ಕಪ್ಪು ಪ್ಲಾಸ್ಟಿಕ್ಕಿನ ಸಂದಿಯಿಂದ ಒಣಗಿದ ಪಾಲಿಶ್ ಕೆರೆಯಲು ಕೂತರೆ ಅರ್ಧ ದಿನ.

ಈಗ ಪರೀಕ್ಷೆಯ ಚೌಕ. ಬಾನೆಟ್ಟಿನ ನಡುವೆ ಸುಮಾರು 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗ ಗುರುತು ಮಾಡಿಕೊಳ್ಳಿ. ನಿಮ್ಮಲ್ಲಿರುವ ಅತಿ ಮೆತ್ತನೆಯ ಪಾಲಿಶಿಂಗ್ ಪ್ಯಾಡು, ಅತಿ ನುಣುಪಾದ ಪಾಲಿಶ್, ಇವೆರಡರಿಂದ ಶುರು ಮಾಡಿ. ಒರೆಸಿ, ಟಾರ್ಚ್ ಹಿಡಿದು ನೋಡಿ. ಟ್ಯೂಬ್‌ಲೈಟಿನ ಚದುರಿದ ಬೆಳಕಿನಲ್ಲಿ ಗೀರು ಅಡಗಿಕೊಳ್ಳುತ್ತದೆ. ಒಂದೇ ಬಿಂದುವಿನಿಂದ ಬರುವ ಬೆಳಕು, ಸೂರ್ಯನದೋ ಟಾರ್ಚಿನದೋ, ಅದೇ ಸತ್ಯ ಹೇಳುವುದು. ಗೀರುಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದರೆ ಅದೇ ಜೋಡಿಯಿಂದ ಇಡೀ ಕಾರು ಮುಗಿಸಿ. ಹೋಗದಿದ್ದರೆ ಒಂದು ಮೆಟ್ಟಿಲು ಮೇಲೇರಿ, ಮೊದಲು ಪ್ಯಾಡು ಬದಲಿಸಿ, ಆಮೇಲೆ ಪಾಲಿಶ್. ಉಗುರು ಅಡ್ಡ ಎಳೆದಾಗ ತಡೆಯುವಂಥ ಆಳದ ಗೀರನ್ನು ಬಿಟ್ಟುಬಿಡಿ. ಅದರ ತಳ ಸಿಗುವಷ್ಟು ಸವೆಸಹೊರಟರೆ ಸುತ್ತಲಿನ ಕ್ಲಿಯರ್ ಕೋಟ್ ಎಲ್ಲ ಅದಕ್ಕೇ ಖರ್ಚಾಗುತ್ತದೆ.

ಈ ಪರೀಕ್ಷೆ ಯಾಕೆ ಮುಖ್ಯ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಹೇಳುತ್ತೇನೆ. ಕೇಳುತ್ತಾ ಮನಸ್ಸಿನಲ್ಲೇ ಹಾಕಿಕೊಳ್ಳಿ. ಸಣ್ಣ ಕಾರಿನ ಬಣ್ಣದ ಮೈ 8 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಪ್ಯಾಡಿನ ಅಗಲ 13 ಸೆಂಟಿಮೀಟರ್. ಒಂದು ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುತ್ತಾ ಸಾಗಬೇಕು. ಹಾಗಾದರೆ ಪ್ರತಿ ಸಾಲಿಗೆ ಹೊಸದಾಗಿ ದಕ್ಕುವುದು ಆರೂವರೆ ಸೆಂಟಿಮೀಟರ್ ಮಾತ್ರ. ಇಡೀ ಕಾರಿನ ಮೇಲೆ ಒಂದು ಸುತ್ತು ಮುಗಿಸಲು ಪ್ಯಾಡು ನಡೆಯಬೇಕಾದ ದಾರಿ ಸುಮಾರು 123 ಮೀಟರ್. ಪಾಲಿಶಿನಲ್ಲಿ ಕೈಯ ವೇಗ ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್ ಇರಲಿ. ಆಗ ಒಂದು ಸುತ್ತಿಗೆ 51 ನಿಮಿಷ. ಸಾಮಾನ್ಯವಾಗಿ ನಾಲ್ಕು ಸುತ್ತು ಬೇಕು. ಅಲ್ಲಿಗೆ ಮೂರು ಗಂಟೆ ಇಪ್ಪತ್ತೈದು ನಿಮಿಷವಾಯಿತು. ಇದು ಮಷೀನು ಓಡುವ ಹೊತ್ತು ಮಾತ್ರ, ಒರೆಸುವುದು, ಪ್ಯಾಡು ಬದಲಿಸುವುದು, ಸೊಂಟ ನೇರ ಮಾಡಿಕೊಳ್ಳುವುದು ಬೇರೆ. ನಾಲ್ಕು ಸುತ್ತಿನ ಬದಲು ಮೂರು ಸಾಕು ಎಂದು ಪರೀಕ್ಷೆಯ ಚೌಕ ಹೇಳಿತೆನ್ನಿ. ಹತ್ತು ನಿಮಿಷದ ಪರೀಕ್ಷೆಯಿಂದ 51 ನಿಮಿಷ ಉಳಿಯಿತು. ಇಡುಗಂಟಿನಲ್ಲೂ ಅಷ್ಟು ಉಳಿಯಿತು.

ಇದೇ ಲೆಕ್ಕವನ್ನು ಸೀಲೆಂಟಿಗೆ ಹಾಕಿ. ಅಲ್ಲಿ ಸವೆಸುವುದೇನೂ ಇಲ್ಲ, ಹರಡಿದರೆ ಸಾಕು. ಕೈ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಓಡಬಹುದು. ಸುತ್ತು ಒಂದೇ. ಅದೇ 123 ಮೀಟರ್ ದಾರಿ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಪಾಲಿಶಿನ ಹತ್ತನೆಯ ಒಂದು ಪಾಲು! ನಾನು ಇವತ್ತು ಹೇಳಬೇಕೆಂದಿರುವುದು ಈ ಲೆಕ್ಕದಲ್ಲೇ ಇದೆ. ಹೊತ್ತು ಉಳಿಸಬೇಕೆಂದರೆ ಮಷೀನನ್ನು ಅವಸರವಾಗಿ ಓಡಿಸಬಾರದು. ಸೀಲೆಂಟನ್ನು ಕಾಲಕಾಲಕ್ಕೆ ಹಚ್ಚುತ್ತಾ, ಪಾಲಿಶಿನ ಅಗತ್ಯವೇ ಬಾರದಂತೆ ನೋಡಿಕೊಳ್ಳಬೇಕು.

ಸರಿ, ಪಾಲಿಶ್ ಹಿಡಿಯುವ ರೀತಿಗೆ ಬರೋಣ. ಹೊಸ ಪ್ಯಾಡಾದರೆ ಮೊದಲ ಸಲ ಅದರ ಮೈಗೆಲ್ಲ ಪಾಲಿಶನ್ನು ಬೆರಳಿನಿಂದ ತೆಳ್ಳಗೆ ಹಚ್ಚಿಕೊಳ್ಳಿ. ಆಮೇಲೆ ಪ್ರತಿ ಚೌಕಕ್ಕೆ ಬಟಾಣಿ ಕಾಳಿನ ಗಾತ್ರದ ಮೂರು ನಾಲ್ಕು ಬೊಟ್ಟು ಸಾಕು. ಹೆಚ್ಚು ಹಾಕಿದರೆ ಪ್ಯಾಡು ಜಾರುತ್ತದೆ, ಸವೆಸುವುದಿಲ್ಲ, ಸುತ್ತಲೂ ಸಿಡಿಯುತ್ತದೆ. ಪ್ಯಾಡನ್ನು ಬಣ್ಣದ ಮೇಲೆ ಊರಿದ ನಂತರವೇ ಸ್ವಿಚ್ ಒತ್ತಿ, ನಿಂತ ನಂತರವೇ ಎತ್ತಿ. ಮೊದಲು ಕಡಿಮೆ ವೇಗದಲ್ಲಿ ಹರಡಿ, ನಂತರ ಆರು ಅಂಕಿಯ ಡಯಲ್ಲಿನಲ್ಲಿ ನಾಲ್ಕು ಅಥವಾ ಐದಕ್ಕೆ ಏರಿಸಿ. ಒಂದು ಸುತ್ತು ಎಡದಿಂದ ಬಲಕ್ಕೆ ಸಾಲು ಸಾಲಾಗಿ, ಮುಂದಿನ ಸುತ್ತು ಮೇಲಿನಿಂದ ಕೆಳಕ್ಕೆ. ಪ್ಯಾಡು ಸಪಾಟಾಗಿ ಕೂತಿರಬೇಕು, ಒಂದು ಬದಿಗೆ ಓರೆಯಾಗಬಾರದು.

ಎಷ್ಟು ಒತ್ತಬೇಕು? ಪ್ಯಾಡು ಅಂಟುವ ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮಷೀನು ಓಡುವಾಗ ಆ ಗೆರೆ ತಿರುಗುವುದು ಕಣ್ಣಿಗೆ ಕಾಣಬೇಕು. ಗೆರೆ ನಿಂತಲ್ಲೇ ನಡುಗುತ್ತಿದ್ದರೆ ಒತ್ತಡ ಹೆಚ್ಚಾಗಿದೆ, ಪ್ಯಾಡು ತಿರುಗದೆ ಬರೀ ಅದುರುತ್ತಿದೆ, ಕೆಲಸ ಆಗುತ್ತಿಲ್ಲ. ಬಾನುಲಿ ಕೇಳುವ ಕಿವಿಗೆ ಇನ್ನೊಂದು ಗುರುತೂ ಸಿಗುತ್ತದೆ. ಸರಿಯಾಗಿ ಓಡುವ ಮಷೀನಿನ ಸದ್ದು ಒಂದೇ ಸ್ವರದಲ್ಲಿರುತ್ತದೆ. ಒತ್ತಡ ಹೆಚ್ಚಾದರೆ, ಓರೆಯಾದರೆ, ಪ್ಯಾಡು ಪಾಲಿಶ್ ಕುಡಿದು ಭಾರವಾದರೆ ಸ್ವರ ಇಳಿದು ಗೊಗ್ಗರಾಗುತ್ತದೆ. ನಾಲ್ಕು ಚೌಕ ಮುಗಿಸುವಷ್ಟರಲ್ಲಿ ಈ ವ್ಯತ್ಯಾಸ ಕಿವಿಗೆ ಕೂರುತ್ತದೆ.

ಒಂದೊಂದು ಚೌಕ ಮುಗಿದಾಗಲೂ ಪ್ಯಾಡನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಕೊಡವಿ. ಸವೆದ ಕ್ಲಿಯರ್ ಕೋಟಿನ ಪುಡಿ, ಒಣಗಿದ ಪಾಲಿಶ್ ಪ್ಯಾಡಿನಲ್ಲೇ ಉಳಿದರೆ ಅದೇ ಹೊಸ ಗೀರು ಹಾಕುತ್ತದೆ. ಅರ್ಧ ನಿಮಿಷದ ಈ ಕೆಲಸವನ್ನು ಬಿಟ್ಟವರೇ ಕಾಂಪೌಂಡು ಸರಿಯಿಲ್ಲ ಎಂದು ದೂರುವುದು. ಒಂದು ಕಾರಿಗೆ ಒಂದೇ ಪ್ಯಾಡು ಸಾಲದು, ಕನಿಷ್ಠ ಮೂರು ಇರಲಿ. ಒದ್ದೆಯಾಗಿ ಬಿಸಿಯಾದ ಫೋಮು ಮೆತ್ತಗಾಗಿ ಸವೆಸುವ ಶಕ್ತಿ ಕಳೆದುಕೊಳ್ಳುತ್ತದೆ. ನಡುಭಾಗದ ಅಂಟು ಬಿಡುವುದೂ ಉಂಟು. ಬಂಪರಿನ ಹತ್ತಿರ ಇನ್ನಷ್ಟು ಎಚ್ಚರ ಬೇಕು. ಬಂಪರು ಪ್ಲಾಸ್ಟಿಕ್ಕು, ಉಕ್ಕಿನ ಹಾಗೆ ಶಾಖವನ್ನು ಬೇಗ ಹರಡಿಬಿಡುವುದಿಲ್ಲ. ಅಲ್ಲಿ ವೇಗ ಒಂದು ಅಂಕಿ ಇಳಿಸಿ, ಆಗಾಗ ಕೈ ಇಟ್ಟು ಬಿಸಿ ನೋಡಿ.

ಪಾಲಿಶ್ ಮುಗಿಯಿತು. ಬಣ್ಣ ಹೊಳೆಯುತ್ತಿದೆ. ಆದರೆ ಆ ಹೊಳಪನ್ನು ಇನ್ನೂ ನಂಬಬಾರದು. ಪಾಲಿಶಿನಲ್ಲಿರುವ ಎಣ್ಣೆ ಉಳಿದ ಸಣ್ಣ ಗೀರುಗಳನ್ನು ತುಂಬಿ ಮರೆಮಾಡಿರುತ್ತದೆ. ಸೀಲೆಂಟ್ ಬಣ್ಣವನ್ನು ಹಿಡಿದುಕೊಳ್ಳಲು ಆ ಎಣ್ಣೆಯೇ ಅಡ್ಡಿ. ಹತ್ತು ಪಾಲು ನೀರಿಗೆ ಒಂದೆರಡು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಸಿಂಪಡಿಸಿ, ಒಳ್ಳೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಈಗ ಟಾರ್ಚಿನಲ್ಲಿ ಕಾಣುವುದು ನಿಮ್ಮ ಕೆಲಸದ ನಿಜ ಫಲ. ಬೇರೆಯವರ ಹತ್ತಿರ ಹಣ ಕೊಟ್ಟು ಪಾಲಿಶ್ ಮಾಡಿಸುವವರಿಗೂ ಈ ಮಾತು ಉಪಯೋಗಕ್ಕೆ ಬರುತ್ತದೆ. ದುಡ್ಡು ಕೊಡುವ ಮೊದಲು ಬಾನೆಟ್ಟಿನ ಒಂದು ಮೂಲೆಯನ್ನು ಹೀಗೆ ಒರೆಸಿ ತೋರಿಸಿ ಎಂದು ಕೇಳಿ. ಎಣ್ಣೆ ತುಂಬಿ ತೋರಿಸಿದ ಹೊಳಪಾದರೆ ಗೀರುಗಳು ಅಲ್ಲೇ ಮೇಲೇಳುತ್ತವೆ. ಮನೆಗೆ ತಂದು ಎರಡು ಸಲ ತೊಳೆದ ಮೇಲೆ ತಿಳಿಯುವುದಕ್ಕಿಂತ ಅಲ್ಲೇ ತಿಳಿಯುವುದು ಒಳ್ಳೆಯದು.

ಇನ್ನು ಸೀಲೆಂಟ್. ಇದಕ್ಕೆ ಬೇರೆಯದೇ ಪ್ಯಾಡು, ಎಲ್ಲಕ್ಕಿಂತ ಮೆತ್ತನೆಯದು, ಸವೆಸುವ ಗುಣವೇ ಇಲ್ಲದ್ದು. ಪಾಲಿಶ್ ಹಿಡಿದ ಪ್ಯಾಡನ್ನು ತೊಳೆದರೂ ಇದಕ್ಕೆ ಬಳಸಬೇಡಿ. ಡಯಲ್ಲು ಎರಡು ಅಥವಾ ಮೂರರಲ್ಲಿರಲಿ. ಒತ್ತುವುದು ಬೇಡ, ಮಷೀನಿನ ಭಾರವೇ ಸಾಕು, ಬಾಗಿಲುಗಳ ಮೇಲೆ ಅದನ್ನೂ ಅರ್ಧ ಕೈಯಲ್ಲೇ ಹೊತ್ತುಕೊಳ್ಳಿ. ಇಲ್ಲಿ ಸಣ್ಣ ಚೌಕಗಳ ಹಂಗಿಲ್ಲ. ಅರ್ಧ ಬಾನೆಟ್ಟು, ಒಂದು ಇಡೀ ಬಾಗಿಲು ಒಂದೊಂದು ಪಾಲು.

ಎಷ್ಟು ತೆಳ್ಳಗೆ? ಇಡೀ ಕಾರಿಗೆ 15 ಮಿಲಿಲೀಟರ್ ಸೀಲೆಂಟ್ ಹಿಡಿಯಿತೆನ್ನಿ. ಅದನ್ನು 8 ಚದರ ಮೀಟರಿಗೆ ಹಂಚಿದರೆ ಹಸಿ ಪದರದ ದಪ್ಪ ಎರಡು ಮೈಕ್ರಾನಿಗಿಂತ ಸ್ವಲ್ಪ ಕಡಿಮೆ. ಅಷ್ಟು ಸಾಕು. 30 ಮಿಲಿಲೀಟರ್ ದಾಟಿತೆಂದರೆ ನೀವು ಹಚ್ಚುತ್ತಿಲ್ಲ, ಬಳಿಯುತ್ತಿದ್ದೀರಿ. ದಪ್ಪ ಪದರ ಹೆಚ್ಚು ರಕ್ಷಣೆ ಕೊಡುವುದಿಲ್ಲ. ಬಣ್ಣಕ್ಕೆ ತಾಗಿದ ತೆಳು ಪೊರೆ ಮಾತ್ರ ಉಳಿಯುತ್ತದೆ, ಮೇಲಿನದೆಲ್ಲ ಒರೆಸುವ ಬಟ್ಟೆಯ ಪಾಲು. ಅದನ್ನು ಒರೆಸಿ ಒರೆಸಿ ಹೊಸ ಗೀರು ಹಾಕಿಕೊಂಡರಂತೂ ಮಾಡಿದ್ದೆಲ್ಲ ವ್ಯರ್ಥ. ಕೈಯಿಂದ ಹಚ್ಚುವುದಕ್ಕಿಂತ ಮಷೀನು ಮೇಲು ಎನ್ನಲು ಇದೇ ಕಾರಣ. ಕೈ ಒಂದೆಡೆ ಗಟ್ಟಿ, ಒಂದೆಡೆ ಹಗುರ, ಮಷೀನಿನದು ಎಲ್ಲೆಡೆ ಒಂದೇ ಸಮ.

ಒರೆಸುವ ಕ್ರಮದಲ್ಲೂ ಹೊತ್ತು ಉಳಿಯುತ್ತದೆ. ಹೆಚ್ಚಿನ ದ್ರವ ಸೀಲೆಂಟುಗಳು ಒಣಗಿ ಮಂಜು ಕವಿದಂತಾದ ಮೇಲೆ ಒರೆಸುವಂಥವು. ಮೊದಲು ಟಾಪು, ಆಮೇಲೆ ಬಾನೆಟ್ಟು, ಡಿಕ್ಕಿ, ಬದಿಗಳು ಎಂದು ಹಚ್ಚುತ್ತಾ ಬನ್ನಿ. ಕೊನೆಯ ಬಾಗಿಲು ಮುಗಿಯುವಷ್ಟರಲ್ಲಿ ಟಾಪು ಒರೆಸಲು ಸಿದ್ಧವಾಗಿರುತ್ತದೆ. ಹಚ್ಚಿದ ಕ್ರಮದಲ್ಲೇ ಒರೆಸಿ. ಸಿದ್ಧವೋ ಇಲ್ಲವೋ ತಿಳಿಯಲು ಬೆರಳಿನಿಂದ ಒಂದು ಗೀಟು ಎಳೆಯಿರಿ. ಗೀಟಿನ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸಬಹುದು, ಎಣ್ಣೆ ಸವರಿದಂತೆ ಮಸುಕಾದರೆ ಇನ್ನೂ ಕಾಯಬೇಕು. ಬಾಟಲಿಯ ಮೇಲೆ ‘ಕೂಡಲೇ ಒರೆಸಿ’ ಎಂದು ಬರೆದಿದ್ದರೆ ಅದರಂತೆ ನಡೆಯಿರಿ. ಒರೆಸಿದ ನಂತರ ಅರ್ಧ ದಿನವಾದರೂ ನೀರು ಬೀಳದಂತೆ ನೋಡಿಕೊಳ್ಳಿ.

ನಮ್ಮ ನಾಡಿನ ಹವೆ ಒಂದೇ ತೆರನಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಬೆಳಕು ಹರಿಯುತ್ತಲೇ ಶುರು ಮಾಡಿ ಬಿಸಿಲೇರುವ ಮೊದಲು ನಿಲ್ಲಿಸಬೇಕು, ಚೌಕ ಇನ್ನೂ ಚಿಕ್ಕದಾಗಬೇಕು. ಇಲ್ಲದಿದ್ದರೆ ಪಾಲಿಶ್ ಮಧ್ಯದಲ್ಲೇ ಒಣಗಿ ಪುಡಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ನೀರಿರುವುದರಿಂದ ಸೀಲೆಂಟ್ ಒಣಗಲು ಹೆಚ್ಚು ಹೊತ್ತು ಬೇಕು, ಬೆರಳಿನ ಪರೀಕ್ಷೆ ಅಲ್ಲಿ ಇನ್ನೂ ಮುಖ್ಯ. ಬೆಂಗಳೂರು, ಕೋಲಾರದಲ್ಲಿ ತೊಂದರೆ ಬೋರ್‌ವೆಲ್ ನೀರಿನದು. ಗಡಸು ನೀರಿನ ಹನಿ ಬಿಸಿಲಿನಲ್ಲಿ ಆರಿದರೆ ಸುಣ್ಣದ ಉಂಗುರ ಉಳಿಯುತ್ತದೆ. ಸೀಲೆಂಟ್ ಹಚ್ಚಿದ ಕಾರಿಗೂ ಇದು ತಪ್ಪಿದ್ದಲ್ಲ. ತೊಳೆದ ಕಾರನ್ನು ಬಟ್ಟೆಯಿಂದ ಒಣಗಿಸುವುದೇ ಮದ್ದು.

ನೀರಿನ ಮಾತು ಬಂದಾಗ ಒಂದು ಸಂಗತಿ ನೆನಪಿಸಬೇಕು. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಸೀಲೆಂಟ್ ಇರುವ ಮೈಗೆ ಕೊಳೆ ಗಟ್ಟಿಯಾಗಿ ಹಿಡಿಯದು, ಸ್ವಲ್ಪ ನೀರಿಗೇ ಜಾರುತ್ತದೆ. ಪೈಪ್ ಹಿಡಿದು ಹರಿಯಬಿಡುವ ಬದಲು ಎರಡು ಬಕೆಟ್ಟಿನಲ್ಲಿ ಕಾರು ಶುಚಿಯಾಗುತ್ತದೆ. ಹಕ್ಕಿಯ ಹಿಕ್ಕೆಗೂ ಇದೇ ನ್ಯಾಯ. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚನ್ನೇ ಉಳಿಸಿಕೊಳ್ಳುತ್ತದೆ. ಸೀಲೆಂಟ್ ಅದನ್ನು ಪೂರ್ತಿ ತಡೆಯಲಾರದು, ನಿಮಗೆ ಕೆಲವು ಗಂಟೆಗಳ ಅವಕಾಶ ಕೊಡುತ್ತದೆ. ಆ ಅವಕಾಶದಲ್ಲಿ ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೆಯಬೇಕಾದವರು ನೀವೇ.

ಸುರಕ್ಷತೆಯ ಬಗ್ಗೆ ನಾಲ್ಕು ಮಾತು. ಮಷೀನಿನ ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಬಿಟ್ಟುಕೊಳ್ಳಿ, ಆಗ ಅದು ಪ್ಯಾಡಿಗೂ ಸಿಗದು, ಬಣ್ಣಕ್ಕೂ ಉಜ್ಜದು. ಕಾರು ತೊಳೆದ ಒದ್ದೆ ನೆಲ ಒಣಗಿದ ಮೇಲೆಯೇ ಪ್ಲಗ್ ಹಾಕಿ. ಉಂಗುರ, ಗಡಿಯಾರ, ಬೆಲ್ಟಿನ ಬಕಲ್ಲು, ಕೊರಳ ಸರ ತೆಗೆದಿಡಿ. ಸೆರಗು, ದುಪಟ್ಟಾ, ಹೆಗಲ ಟವೆಲ್ಲು ತಿರುಗುವ ಪ್ಯಾಡಿನ ಹತ್ತಿರ ಸುಳಿಯಬಾರದು. ಒಣಗಿದ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ. ಪ್ಯಾಡು, ಬಟ್ಟೆಗಳನ್ನು ಅದೇ ದಿನ ಸೋಪಿನ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಮೈಕ್ರೋಫೈಬರ್ ಬಟ್ಟೆಯನ್ನು ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ಎಳೆ ಎಳೆಯಾಗಿ ನಾರು ಹಿಡಿದುಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರವ ಬೇಡವೇ ಬೇಡ.

ಕೊನೆಯದಾಗಿ, ಯಾವಾಗ ಮಾಡಬೇಕು? ಸೀಲೆಂಟಿಗೆ ವರ್ಷದಲ್ಲಿ ಎರಡು ದಿನ ಗೊತ್ತು ಮಾಡಿಕೊಳ್ಳಿ. ಒಂದು, ಮುಂಗಾರು ಕಾಲಿಡುವ ಮೊದಲು, ಮೇ ಕೊನೆಯಲ್ಲಿ. ಇನ್ನೊಂದು, ಆಯುಧಪೂಜೆಗೆ ಒಂದು ವಾರ ಮುಂಚೆ. ಹೇಗೂ ಆಗ ಕಾರು ತೊಳೆಯುತ್ತೀರಿ. ಬಾನೆಟ್ಟಿಗೆ ಹಚ್ಚುವ ಅರಿಶಿನ, ಕುಂಕುಮ, ಗಂಧ ನೇರವಾಗಿ ಬಣ್ಣಕ್ಕೆ ಕೂರದೆ ಸೀಲೆಂಟಿನ ಮೇಲೆ ಕೂರುತ್ತವೆ, ಮರುದಿನ ನೀರು ಹೊಯ್ದು ಸುಲಭವಾಗಿ ತೆಗೆಯಬಹುದು. ಒಣಗಿದ ಕುಂಕುಮವನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಪಾಲಿಶಿಗೆ ಮಾತ್ರ ಹಬ್ಬವನ್ನೂ ನೋಡಬೇಡಿ, ಪಂಚಾಂಗವನ್ನೂ ನೋಡಬೇಡಿ. ಟಾರ್ಚ್ ಹಿಡಿದು ನೋಡಿ. ಗೀರು ಕಣ್ಣಿಗೆ ಚುಚ್ಚುವಷ್ಟಿದ್ದರೆ ಮಾಡಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಬಿಡಿ. ನೋಡಿಕೊಂಡು ತೊಳೆಯುವ ಮನೆಯಲ್ಲಿ ಪಾಲಿಶಿನ ಬಾಟಲಿ ಕಪಾಟಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಉಳಿಯಲಿ. ಅದು ಖರ್ಚಾಗದೆ ಇದ್ದಷ್ಟೂ ಕ್ಲಿಯರ್ ಕೋಟ್ ನಿಮ್ಮ ಕಾರಿನ ಮೇಲೆ ಉಳಿಯುತ್ತದೆ.